ಬೆಟ್ಟ ಬೀಸಿದ ಹಿಟ್ಟು

ಲೇಕ್ ಲೂಯಿಸ್ ದಡದಲ್ಲಿ ನಿಂತು ತೆಗೆಸಿಕೊಂಡ ಫೋಟೊವನ್ನು ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ ಐದು ನಿಮಿಷ ಆಗಿರಲಿಲ್ಲ. ನಮಗೆ ಬೆಳಗಿನ ಒಂಬತ್ತು, ತಿಪಟೂರಿನಲ್ಲಿ ರಾತ್ರಿ ಎಂಟೂವರೆ. ಊಟಕ್ಕೆ ಕೂತಿದ್ದ ತಮ್ಮ ಎಡಗೈಯಲ್ಲೇ ಟೈಪ್ ಮಾಡಿರಬೇಕು: ‘ಫೋಟೊ ಚೆನ್ನಾಗಿದೆ ಅಕ್ಕ. ನೀರಿಗೆ ಯಾವ ಕಂಪನಿ ಬಣ್ಣ?’

ಅವನನ್ನು ಬೈಯುವಂತಿರಲಿಲ್ಲ. ಎದುರಿಗೆ ನಿಂತಿದ್ದ ನನಗೇ ಅನುಮಾನ. ನಾನು ಕಂಡ ಕೆರೆಗಳ ನೀರು ಹಸಿರು, ಕಂದು, ಮಳೆಗಾಲದಲ್ಲಿ ಕೆಂಪು. ಇದು ಹಾಲಿಗೆ ಮಯೂರತುತ್ತ ಕದಡಿದ ಹಾಗಿತ್ತು. ಆಕಾಶದ ನೆರಳು ಎಂದುಕೊಳ್ಳೋಣವೆಂದರೆ ಅವತ್ತು ಮೋಡ ಮುಸುಕಿತ್ತು, ಆಕಾಶ ಹಳೇ ಪಾತ್ರೆಯ ಬಣ್ಣದಲ್ಲಿತ್ತು. ಕೆರೆ ಮಾತ್ರ ತನ್ನ ಪಾಡಿಗೆ ತಾನು ನೀಲಿಯಾಗಿತ್ತು. ಆಮೇಲಿನ ಎರಡೂವರೆ ವಾರ ನಾವು ನಡೆದದ್ದೆಲ್ಲ, ಒಂದು ರೀತಿಯಲ್ಲಿ, ತಮ್ಮನ ಆ ತುಂಟ ಪ್ರಶ್ನೆಗೆ ಉತ್ತರ ಹುಡುಕಿಕೊಂಡು.

ಮಗಳು-ಅಳಿಯ ಇರುವುದು ಕೆನಡಾದ ಕ್ಯಾಲ್ಗರಿಯಲ್ಲಿ. ಅಲ್ಲಿಂದ ಪಶ್ಚಿಮಕ್ಕೆ ನೂರು ಕಿ.ಮೀ. ಹೋದರೆ ಕ್ಯಾನ್ಮೋರ್ ಎಂಬ ಪುಟ್ಟ ಪಟ್ಟಣ, ಅದರಾಚೆಗೆ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನ. ರೈಲು ಹಾದಿ ಹಾಕುತ್ತಿದ್ದವರ ಕಣ್ಣಿಗೆ ಬಿದ್ದ ಬಿಸಿನೀರ ಬುಗ್ಗೆಗಳ ಸುತ್ತ 1885ರಲ್ಲಿ ಸರ್ಕಾರ ಗೆರೆ ಎಳೆದದ್ದೇ ಈ ಉದ್ಯಾನದ ಮೊದಲು. ಕೆನಡಾದ ಮೊದಲ ರಾಷ್ಟ್ರೀಯ ಉದ್ಯಾನವೂ ಅದೇ. ಸೆಪ್ಟೆಂಬರಿನಲ್ಲಿ ಹದಿನೆಂಟು ದಿನಕ್ಕೆ ಕ್ಯಾನ್ಮೋರಿನಲ್ಲಿ ಅಡುಗೆಮನೆ ಇರುವ ಒಂದು ಬಾಡಿಗೆ ಮನೆ ಹಿಡಿದೆವು. ನನಗೆ ಅರವತ್ತೆರಡು, ಇವರಿಗೆ ಅರವತ್ತೇಳು. ಟೆಂಟ್ ಹೊತ್ತುಕೊಂಡು ಬೆಟ್ಟದಲ್ಲಿ ಮಲಗುವ ವಯಸ್ಸಲ್ಲ, ಮಲಗಿದರೆ ಏಳುವ ಭರವಸೆಯೂ ಇಲ್ಲ. ಬೆಳಿಗ್ಗೆ ಹೋಗಿ ಸಂಜೆ ಬಂದು ಅದೇ ಹಾಸಿಗೆಗೆ ಬೀಳುವ ಒಂದು ದಿನದ ಚಾರಣವೇ ನಮಗೆ ಸರಿ ಎಂದು ಮಗಳೇ ತೀರ್ಮಾನಿಸಿದ್ದಳು. ಬೆನ್ನ ಮೇಲೆ ನೀರು, ಬುತ್ತಿ, ಒಂದು ಉಣ್ಣೆ ಅಂಗಿ, ಒಂದು ಮಳೆ ಅಂಗಿ. ಅಷ್ಟೇ.

ದಿನಗಳು ಕೈತುಂಬ ಇದ್ದುದರ ದೊಡ್ಡ ಲಾಭ ಏನೆಂದರೆ, ನಾವು ಮೋಡದ ಜೊತೆ ಜಗಳ ಆಡಬೇಕಾಗಲಿಲ್ಲ. ಮೂರು ದಿನಕ್ಕೆಂದು ಬರುವವರು ಮಳೆಯಲ್ಲೂ ಹೋಗಲೇಬೇಕು, ದುಡ್ಡು ಕೊಟ್ಟಿದ್ದಾರಲ್ಲ. ನಾವು ಕಿಟಕಿ ನೋಡಿ ಅವಲಕ್ಕಿ ಒಗ್ಗರಣೆ ಹಾಕಿಕೊಂಡು ಕೂತೆವು. ಒಂದು ದಿನ ನಡೆದರೆ ಮಾರನೇ ದಿನ ಕಾಲು ಚಾಚುವುದು, ಹೀಗೆ ಹದಿನೆಂಟರಲ್ಲಿ ಏಳು ದಿನ ನಡೆದೆವು. ಆ ಏಳೂ ಮಂಡಿಗೆ ನೆನಪಿವೆ.

ಈಗ ಬಣ್ಣದ ವಿಷಯ. ಅದನ್ನು ಹೇಳಲು ನನ್ನ ಅಜ್ಜಿಯ ಬೀಸುಕಲ್ಲಿಗೆ ಹೋಗಬೇಕು. ಕೆಳಗಿನ ಕಲ್ಲು ಅಲುಗುವುದಿಲ್ಲ, ಮೇಲಿನದು ತಿರುಗುತ್ತದೆ, ನಡುವೆ ಸಿಕ್ಕ ರಾಗಿ ಹಿಟ್ಟಾಗುತ್ತದೆ. ಬೀಸುವಾಗ ಕಲ್ಲೂ ಒಂದಿಷ್ಟು ಸವೆದು ಹಿಟ್ಟಿಗೆ ಸೇರುತ್ತದೆ. ಅದಕ್ಕೇ ವರ್ಷಕ್ಕೊಮ್ಮೆ ಉಳಿ, ಸುತ್ತಿಗೆ ಹಿಡಿದವರು ಬಂದು ನುಣುಪಾದ ಕಲ್ಲಿಗೆ ಹೊಸದಾಗಿ ಗುಳಿ ಹೊಡೆದು ಹೋಗುತ್ತಿದ್ದರು. ಹಿಮನದಿ ಅನ್ನುವುದು ಇಂಥದೇ ಒಂದು ಬೀಸುಕಲ್ಲು. ಬೆಟ್ಟದ ಮೇಲೆ ಬಿದ್ದ ಹಿಮ ಬೇಸಿಗೆಯಲ್ಲಿ ಪೂರ್ತಿ ಕರಗದೆ ವರ್ಷದ ಮೇಲೆ ವರ್ಷ ಪೇರಿಸಿಕೊಳ್ಳುತ್ತದೆ. ತನ್ನದೇ ಭಾರಕ್ಕೆ ಅಡಿಯ ಹಿಮ ಗಟ್ಟಿ ಮಂಜುಗಡ್ಡೆಯಾಗಿ, ಆ ಗಡ್ಡೆ ಇಳಿಜಾರಿನಲ್ಲಿ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಜಾರತೊಡಗುತ್ತದೆ. ಜಾರುವಾಗ ಸುತ್ತಲಿನ ಬಂಡೆಗಳನ್ನು ಕಿತ್ತು ಹೊಟ್ಟೆಯಲ್ಲಿ ಹುದುಗಿಸಿಕೊಳ್ಳುತ್ತದೆ. ತಳದ ಬೆಟ್ಟ ಕೆಳಗಲ್ಲು, ಕಲ್ಲು ಹುದುಗಿದ ಮಂಜು ಮೇಲ್ಗಲ್ಲು. ಎರಡರ ನಡುವೆ ಅರೆದು ಅರೆದು ಬರುವುದು ಕಲ್ಲಿನ ಹಿಟ್ಟು. ಅಲ್ಲಿಯವರೂ ಅದನ್ನು ಹಿಟ್ಟು ಎಂದೇ ಕರೆಯುತ್ತಾರೆ, ರಾಕ್ ಫ್ಲೌರ್ ಎಂದು. ಈ ಗಿರಣಿಗೆ ಗುಳಿ ಹೊಡೆಯುವವರು ಬೇಕಿಲ್ಲ, ಮೇಲಿನಿಂದ ಹೊಸ ಕಲ್ಲು ಬೀಳುತ್ತಲೇ ಇರುತ್ತದೆ.

ಕರಗಿದ ನೀರು ಈ ಹಿಟ್ಟನ್ನು ಹೊತ್ತು ಕೆರೆಗೆ ಬರುತ್ತದೆ. ದಪ್ಪ ಕಾಳು ಕೆರೆಯ ಬಾಯಲ್ಲೇ ತಳ ಹಿಡಿಯುತ್ತದೆ. ಮಿಲಿಮೀಟರಿನ ನೂರರಲ್ಲೊಂದು ಪಾಲಿಗಿಂತಲೂ ಸಣ್ಣದು ಮಾತ್ರ ಮುಳುಗಲಾರದೆ ನೀರಿನಲ್ಲಿ ತೂಗಾಡುತ್ತಿರುತ್ತದೆ. ಬಿಸಿಲಿನಲ್ಲಿರುವ ಕೆಂಪನ್ನು ನೀರೇ ನುಂಗಿಕೊಳ್ಳುತ್ತದೆ. ಉಳಿದ ಹಸಿರು, ನೀಲಿ ಈ ತೂಗಾಡುವ ಕಣಗಳಿಗೆ ಬಡಿದು ನಮ್ಮ ಕಣ್ಣಿಗೆ ವಾಪಸಾಗುತ್ತವೆ. ಆದ್ದರಿಂದಲೇ ವಸಂತದಲ್ಲಿ, ಮೇಲಿನ ಮಂಜು ಕರಗಿ ಹಿಟ್ಟು ಇಳಿಯುವ ಮುಂಚೆ, ಇವೇ ಕೆರೆಗಳು ಸಾಧಾರಣ ಬಣ್ಣದಲ್ಲಿರುತ್ತವೆ. ಬೇಸಿಗೆ ಏರಿದಂತೆ ನೀಲಿ ಏರುತ್ತದೆ. ತಮ್ಮನಿಗೆ ಇಷ್ಟನ್ನೂ ಬರೆದು ಕಳಿಸಿದೆ. ‘ಹಾಗಾದ್ರೆ ಕಲ್ಲಿನ ಅಂಬಲಿ ಅನ್ನು’ ಎಂದ. ಸರಿಯಾಗೇ ಹೇಳಿದ.

ಅಂಬಲಿ ನೋಡಿದ ಮೇಲೆ ಗಿರಣಿ ನೋಡದೆ ಇರಲಾಗುತ್ತದೆಯೇ? ಲೇಕ್ ಲೂಯಿಸ್ ನೋಡಲು ಬಂದವರಲ್ಲಿ ಹೆಚ್ಚಿನವರು ಹೋಟೆಲಿನ ಮುಂದಿನ ದಡದಲ್ಲೇ ಫೋಟೊ ತೆಗೆದುಕೊಂಡು ಹೊರಡುತ್ತಾರೆ. ನಾವು ಬಲಗಡೆಯ ದಡ ಹಿಡಿದು ಕೆರೆಯ ಆಚೆ ತುದಿಗೆ ಹೋದೆವು. ಎರಡು ಕಿ.ಮೀ. ಸಮತಟ್ಟು ದಾರಿ, ತಳ್ಳುಗಾಡಿಯಲ್ಲಿ ಮಗುವನ್ನು ತಳ್ಳಿಕೊಂಡು ಹೋಗುವಂಥದು. ತುದಿಯಲ್ಲಿ ನೀಲಿ ಮುಗಿದು ಬೂದು ಬಣ್ಣದ ಕೆಸರು ಬಯಲು ಶುರುವಾಗುತ್ತದೆ. ಅದರೊಳಗೆ ಕವಲು ಕವಲಾಗಿ ಬರುವ ತೊರೆ ನೀಲಿಯಲ್ಲ, ಸಿಮೆಂಟ್ ತೊಳೆದ ನೀರು. ಇಷ್ಟು ಕೊಳಕಾಗಿ ಬರುವುದು ಇಷ್ಟು ಚೆಂದ ಆಗುತ್ತದೆ ಎಂದು ಇವರು ತಲೆಯಾಡಿಸುತ್ತಾ ನಿಂತರು. ನಾನು ಒಂದು ಖಾಲಿ ನೀರಿನ ಬಾಟಲಿಗೆ ಆ ತೊರೆಯ ನೀರನ್ನೇ ತುಂಬಿಕೊಂಡೆ. ಕುಡಿಯಲಿಕ್ಕಲ್ಲ, ಸುಮ್ಮನೆ.

ಅಲ್ಲಿಂದ ಏರು. ಪ್ಲೇನ್ ಆಫ್ ಸಿಕ್ಸ್ ಗ್ಲೇಸಿಯರ್ಸ್, ಅಂದರೆ ಆರು ಹಿಮನದಿಗಳ ಬಯಲು, ಹೊರಟಲ್ಲಿಂದ ಐದೂವರೆ ಕಿ.ಮೀ. ಸ್ಪ್ರೂಸ್ ಕಾಡು ಸರಿದು, ಹಿಮನದಿ ತಂದು ಒಟ್ಟಿದ ಕಲ್ಲುಮಣ್ಣಿನ ಒಡ್ಡುಗಳ ಮೇಲೆ ದಾರಿ ಸಾಗುತ್ತದೆ. ಎದುರಿಗೆ 3,464 ಮೀಟರ್ ಎತ್ತರದ ಮೌಂಟ್ ವಿಕ್ಟೋರಿಯಾ, ಎಡಕ್ಕೆ ಮೌಂಟ್ ಲೆಫ್ರಾಯ್. ಬಿಳಿ ಹಿಮನದಿ ಕಾಣುತ್ತದೆಂದು ಕಾದಿದ್ದ ನಮಗೆ ಕಣಿವೆಯ ತಳದಲ್ಲಿ ಕಂಡದ್ದು ಜಲ್ಲಿ ಕ್ರಷರ್ ಇರುವ ಕ್ವಾರಿಯಂಥ ನೋಟ, ಬರೀ ಬೂದುಗಲ್ಲಿನ ರಾಶಿ. ‘ಹಿಮನದಿ ಎಲ್ಲಿ?’ ಎಂದು ಕೇಳಿದೆ. ‘ಅದೇ ಅಮ್ಮ, ನೀನು ನೋಡ್ತಿರೋದೇ’ ಎಂದಳು ಮಗಳು. ಕಲ್ಲು ಹೊದ್ದು ಮಲಗಿತ್ತು. ಅಲ್ಲಲ್ಲಿ ಹೊದಿಕೆ ಹರಿದ ಕಡೆ ಮಂಜಿನ ಕಡುನೀಲಿ ಚರ್ಮ. ಅಷ್ಟರಲ್ಲಿ ಮೇಲೆಲ್ಲೋ ಗುಡುಗಿತು. ಮಳೆ ಬರುತ್ತದೆಂದು ನಾನು ಅಂಗಿ ಹುಡುಕುತ್ತಿದ್ದರೆ, ವಿಕ್ಟೋರಿಯಾದ ಎದೆಯಿಂದ ಒಂದು ಮಂಜಿನ ತುಂಡು ಕಳಚಿ ಪುಡಿಪುಡಿಯಾಗಿ ಇಳಿಯುತ್ತಿತ್ತು. ಗಿರಣಿ ನಡೆಯುತ್ತಿದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ವಿಕ್ಟೋರಿಯಾ ಮತ್ತು ಲೆಫ್ರಾಯ್ ನಡುವಿನ ಕಣಿವೆಗೆ ಅಬಟ್ ಪಾಸ್ ಎಂದು ಹೆಸರು. 1896ರಲ್ಲಿ ಲೆಫ್ರಾಯ್ ಏರುವಾಗ ಬಿದ್ದು ಸತ್ತ ಫಿಲಿಪ್ ಅಬಟ್ ಎಂಬ ಅಮೆರಿಕನ್ನನ ಹೆಸರದು. ಆ ಸಾವಿನ ನಂತರ ರೈಲ್ವೆ ಕಂಪನಿ ತನ್ನ ಗಿರಾಕಿಗಳನ್ನು ಬೆಟ್ಟ ಹತ್ತಿಸಲು 1899ರಿಂದ ಸ್ವಿಟ್ಜರ್ಲೆಂಡಿನ ಮಾರ್ಗದರ್ಶಿಗಳನ್ನು ಕರೆಸಿಕೊಂಡಿತು. ಅವರು 1922ರಲ್ಲಿ ಆ ಪಾಸಿನ ನೆತ್ತಿಯಲ್ಲಿ, 2,900 ಮೀಟರಿಗೂ ಮೇಲೆ, ಕಲ್ಲಿನ ಒಂದು ತಂಗುಮನೆ ಕಟ್ಟಿದರು. ನೂರು ವರ್ಷ ನಿಂತಿತ್ತು. ಅದರ ಬುಡದ ನೆಲವನ್ನು ಹಿಡಿದಿಟ್ಟಿದ್ದ ಮಂಜು ಕರಗಿ ಇಳಿಜಾರು ಕುಸಿಯತೊಡಗಿದಾಗ 2022ರಲ್ಲಿ ಅದನ್ನು ಬಿಚ್ಚಿ ಕೆಳಗಿಳಿಸಬೇಕಾಯಿತು. ನಾವು ಕತ್ತು ಎತ್ತಿ ನೋಡಿದಾಗ ಅಲ್ಲಿ ಆಕಾಶ ಬಿಟ್ಟು ಏನೂ ಇರಲಿಲ್ಲ.

ಅದೇ ಸ್ವಿಸ್ ಮಾರ್ಗದರ್ಶಿಗಳು 1920ರ ದಶಕದಲ್ಲಿ ಕಟ್ಟಿದ ಚಹಾ ಮನೆ ಮಾತ್ರ ದಾರಿಯಲ್ಲಿ ಗಟ್ಟಿಯಾಗಿದೆ. ಮರದ ಎರಡಂತಸ್ತು, ಕರೆಂಟಿಲ್ಲ. ಮಸಾಲೆ ಇಲ್ಲದ ಚಹಾ, ಅದಕ್ಕೆ ಕೊಟ್ಟ ಬೆಲೆ ರೂಪಾಯಿಗೆ ಲೆಕ್ಕ ಹಾಕಬಾರದ್ದು. ಇವರು ಹಾಕಿಬಿಟ್ಟರು, ಇಳಿಯುವವರೆಗೂ ಮಾತಾಡಲಿಲ್ಲ.

ಲೂಯಿಸ್ ಎನ್ನುವುದು ವಿಕ್ಟೋರಿಯಾ ರಾಣಿಯ ಮಗಳ ಹೆಸರು. ಆ ಹೆಸರಿಡುವ ಮುಂಚೆ, 1882ರಲ್ಲಿ, ರೈಲ್ವೆ ಕೆಲಸದ ಟಾಮ್ ವಿಲ್ಸನ್‌ನನ್ನು ಸ್ಟೋನಿ ನಕೋಡ ಬುಡಕಟ್ಟಿನವನೊಬ್ಬ ಇಲ್ಲಿಗೆ ಕರೆತಂದ. ಕೆರೆ ‘ಕಂಡುಹಿಡಿದವನು’ ವಿಲ್ಸನ್ ಎಂದು ಪುಸ್ತಕಗಳು ಬರೆದವು. ಕರೆದುಕೊಂಡು ಬಂದವನ ಜನ ಅದನ್ನು ಸಣ್ಣ ಮೀನುಗಳ ಕೆರೆ ಎನ್ನುತ್ತಿದ್ದರು. ಉದ್ಯಾನವಾದ ಮೇಲೆ ಆ ಜನರನ್ನೇ ದಶಕಗಳ ಕಾಲ ಹೊರಗಿಡಲಾಯಿತು. ಕಾಡಿನ ಸುತ್ತ ಗೆರೆ ಎಳೆದ ಕಡೆಯಲ್ಲೆಲ್ಲ ಇದೇ ಕತೆ. ನಮ್ಮ ನಾಗರಹೊಳೆಯ ಜೇನುಕುರುಬರನ್ನು ಕೇಳಿದರೂ ಹೇಳುತ್ತಾರೆ.

ಎರಡು ದಿನ ಬಿಟ್ಟು ಲೇಕ್ ಆ್ಯಗ್ನೆಸ್‌ಗೆ ಹತ್ತಿದೆವು. ಮೂರೂವರೆ ಕಿ.ಮೀ., ಒಂದೇ ಸಮನೆ ಏರು, ನಾನೂರು ಮೀಟರ್. ಕೆರೆ ಇರುವುದು 2,135 ಮೀಟರಿನಲ್ಲಿ, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಇನ್ನೂರು ಮೀಟರ್ ಮೇಲೆ. ಇಲ್ಲೂ ಒಂದು ಚಹಾ ಮನೆ ಇದೆ, 1901ರಲ್ಲಿ ಚಾರಣಿಗರ ಆಶ್ರಯಕ್ಕೆಂದು ರೈಲ್ವೆಯವರು ಕಟ್ಟಿದ್ದು, 1905ರಿಂದ ಚಹಾ. ಹಿಟ್ಟು, ಸಕ್ಕರೆಯ ಮೂಟೆಗಳು ಋತುವಿನ ಆರಂಭದಲ್ಲಿ ಹೆಲಿಕಾಪ್ಟರಿನಲ್ಲಿ ಬರುತ್ತವಂತೆ, ತಾಜಾ ತರಕಾರಿ ಕೆಲಸದವರ ಬೆನ್ನ ಮೇಲೆ. ಆದರೆ ನನ್ನ ಕಣ್ಣು ಹೋದದ್ದು ನೀರಿಗೆ. ಕಪ್ಪಿಗೆ ತಿರುಗಿದ ತಿಳಿ ಹಸಿರು, ದಡದ ಕಲ್ಲುಗಳೆಲ್ಲ ಕಾಣುತ್ತಿದ್ದವು. ಈ ಬಟ್ಟಲನ್ನು ಕೊರೆದ ಮಂಜು ಎಂದೋ ಹೋಗಿದೆ. ಈಗ ಬರುವುದು ಹಿಮ ಕರಗಿದ ಬರೀ ನೀರು. ಬೀಸುವವರಿಲ್ಲದ ಮನೆಯಲ್ಲಿ ಹಿಟ್ಟೆಲ್ಲಿಂದ ಬರಬೇಕು?

ಮೊರೇನ್ ಲೇಕ್ ಹೆಚ್ಚು ಪ್ರಸಿದ್ಧ. 1969 ಮತ್ತು 1979ರ ಸರಣಿಯ ಇಪ್ಪತ್ತು ಡಾಲರ್ ನೋಟಿನ ಹಿಂಭಾಗದಲ್ಲಿದ್ದದ್ದು ಇದೇ ಕೆರೆ, ಹಿಂದೆ ಸಾಲಾಗಿ ಹತ್ತು ಶಿಖರ. ಆ ಹತ್ತಕ್ಕೂ ಮೊದಲು ಇದ್ದದ್ದು ಸ್ಟೋನಿ ಭಾಷೆಯ ಒಂದು, ಎರಡು, ಮೂರು ಎಂಬ ಲೆಕ್ಕದ ಹೆಸರುಗಳೇ. ಈಗ ಕೆಲವಕ್ಕೆ ಮಾತ್ರ ಉಳಿದಿವೆ, ಕೊನೆಯದಾದ ವೆಂಕ್ಚೆಮ್ನ ಅಂದರೆ ಹತ್ತು. ಮೊರೇನ್ ಎಂದರೆ ಹಿಮನದಿ ಒಟ್ಟಿದ ಒಡ್ಡು. 1899ರಲ್ಲಿ ಹೆಸರಿಟ್ಟ ವಾಲ್ಟರ್ ವಿಲ್ಕಾಕ್ಸ್ ಕೆರೆಯ ಬಾಯಿಯ ಕಲ್ಲುರಾಶಿಯನ್ನು ಹಾಗೆಂದುಕೊಂಡ. ಅದು ಪಕ್ಕದ ಬೆಟ್ಟದಿಂದ ಕುಸಿದು ಬಿದ್ದ ಬಂಡೆಗಳ ರಾಶಿ ಎಂದು ಆಮೇಲೆ ತಿಳಿಯಿತು. ಹೆಸರು ತಪ್ಪಾದರೂ ನೋಟು ಚಲಾವಣೆಯಾಯಿತು.

ಅಲ್ಲಿಗೆ 2023ರಿಂದ ಸ್ವಂತ ಕಾರು ಬಿಡುವುದಿಲ್ಲ, ಉದ್ಯಾನದ್ದೋ ಬೇರೆಯವರದೋ ಬಸ್ಸಿನಲ್ಲಿ ಹೋಗಬೇಕು. ಉದ್ಯಾನದ ಬಸ್ಸಿನ ಸೀಟುಗಳಲ್ಲಿ ಒಂದು ಪಾಲನ್ನು ವಸಂತದಲ್ಲೇ ಮಾರಿ, ಉಳಿದದ್ದನ್ನು ಎರಡು ದಿನ ಮುಂಚೆ ಬೆಳಿಗ್ಗೆ ಎಂಟಕ್ಕೆ ಬಿಡುತ್ತಾರೆ. ನಮ್ಮ ರೈಲಿನ ತತ್ಕಾಲ್ ಇದ್ದ ಹಾಗೆ. ಅಳಿಯ ಬೆಂಗಳೂರು-ಹುಬ್ಬಳ್ಳಿ ರೈಲಿನಲ್ಲಿ ಪಳಗಿದವನು, ಎಂಟು ಗಂಟೆ ಒಂದು ನಿಮಿಷಕ್ಕೆ ನಾಲ್ಕು ಸೀಟು ಹಿಡಿದಿದ್ದ. ನಾಲ್ಕಕ್ಕೂ ಕಾರಣವಿತ್ತು. ಕೆರೆಯ ಮೇಲಿನ ಲಾರ್ಚ್ ವ್ಯಾಲಿಯಲ್ಲಿ ಗ್ರಿಜ್ಲಿ ಕರಡಿ ಓಡಾಡುವ ಕಾಲದಲ್ಲಿ ನಾಲ್ವರಿಗಿಂತ ಕಡಿಮೆ ಜನ ನಡೆಯುವಂತಿಲ್ಲ ಎಂದು ಆದೇಶ ಹೊರಡಿಸುತ್ತಾರೆ. ಗುಂಪು ದೊಡ್ಡದಾದಷ್ಟೂ ಸದ್ದು ಹೆಚ್ಚು, ಸದ್ದು ಕೇಳಿದ ಕರಡಿ ತಾನಾಗಿ ಸರಿದು ಹೋಗುತ್ತದೆ. ತಿರುವಿನಲ್ಲಿ ತಟ್ಟನೆ ಎದುರಾಗುವುದೇ ಅಪಾಯ.

ಸೊಂಟಕ್ಕೆ ಕರಡಿ ಸ್ಪ್ರೇ ಡಬ್ಬಿ ಸಿಕ್ಕಿಸಿಕೊಂಡಿದ್ದೆವು. ಒಳಗಿರುವುದು ಮೆಣಸಿನಕಾಯಿಯ ಸಾರ. ಡಬ್ಬಿಯನ್ನು ಚೀಲದೊಳಗಿಟ್ಟರೆ ಪ್ರಯೋಜನವಿಲ್ಲ, ಕೈಗೆ ಸಿಗುವ ಕಡೆ ಇರಬೇಕು. ಕರಡಿ ಕೆಲವೇ ಮೀಟರ್ ಹತ್ತಿರ ಬಂದಾಗ ಒತ್ತಬೇಕು ಎಂದು ಅಳಿಯ ಪಾಠ ಮಾಡಿದ. ‘ಬ್ಯಾಡಗಿಯೋ ಗುಂಟೂರೋ?’ ಎಂದರು ಇವರು. ಬಿಳಿಯರು ತಿರುವು ಬಂದಲ್ಲೆಲ್ಲ ‘ಹೇ ಬೇರ್’ ಎಂದು ಕೂಗುತ್ತಿದ್ದರು. ನಾನು ಕೂಗುವ ಬದಲು ದೇವರನಾಮ ಹಾಡಿದೆ. ಏದುಸಿರಿನಲ್ಲಿ ಶ್ರುತಿ ಎಲ್ಲಿಯದು, ಯಾವ ಕರಡಿಯೂ ಹತ್ತಿರ ಸುಳಿಯಲಿಲ್ಲ. ಚಿತ್ರಾನ್ನ ತಿಂದ ಮೇಲೆ ಕೆಳಗೆ ಉದುರಿದ ಕಡಲೆಬೀಜವನ್ನೂ ಹೆಕ್ಕಿ ಚೀಲಕ್ಕೆ ಹಾಕಿಕೊಳ್ಳಬೇಕಾಯಿತು. ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಗುಂಡಿಗೆ ಬಲಿಯಾಗುತ್ತದೆ.

ಲಾರ್ಚ್ ನೋಡಲು ದೇವದಾರುವಿನ ಹಾಗೆ ಸೂಜಿ ಎಲೆಯ ಮರ. ಆದರೆ ಆ ಕುಲದ ಹೆಚ್ಚಿನವು ವರ್ಷವಿಡೀ ಹಸಿರಾಗಿದ್ದರೆ ಇದು ಸೆಪ್ಟೆಂಬರ್ ಕೊನೆಯಲ್ಲಿ ಅರಿಸಿನ ಬಣ್ಣಕ್ಕೆ ತಿರುಗಿ ಎಲೆ ಉದುರಿಸುತ್ತದೆ. ಮಾಗಿದ ಬತ್ತದ ಗದ್ದೆಯನ್ನು ಎತ್ತಿ ಬೆಟ್ಟದ ಮೇಲೆ ನಿಲ್ಲಿಸಿದ ಹಾಗಿತ್ತು. ಅದರಾಚೆ 2,611 ಮೀಟರಿನ ಸೆಂಟಿನೆಲ್ ಪಾಸ್‌ಗೆ ಮಗಳು, ಅಳಿಯ ಹತ್ತಬೇಕೆಂದಿದ್ದರು. ನಾಲ್ವರ ನಿಯಮ ನೆನಪಾಗಿ ಇಬ್ಬರೂ ನಮ್ಮ ಮಂಡಿ ನೋಡಿದರು, ಆಮೇಲೆ ಗಡಿಯಾರ ನೋಡಿದರು. ಎರಡು ಗಂಟೆಗೆ ಎಲ್ಲಿದ್ದರೂ ಹಿಂದಿರುಗುವುದು ಎಂದು ಬೆಳಿಗ್ಗೆಯೇ ಮಾತಾಗಿತ್ತು. ಹಿಂದಿರುಗಿದೆವು. ಪಾಸ್ ಎಲ್ಲಿಗೂ ಹೋಗುವುದಿಲ್ಲ ಎಂದು ಅಳಿಯ ಸಮಾಧಾನ ಹೇಳಿದ್ದು ನಮಗೋ ತನಗೋ ತಿಳಿಯಲಿಲ್ಲ.

ಆಮೇಲೆ ಮೂರು ದಿನ ಮಳೆ, ಮೂರನೇ ದಿನ ಹಿಮ. ಮನೆಯಲ್ಲೇ ಕೂತು ಸಾರು, ಹಪ್ಪಳ. ಅಡುಗೆಮನೆಯ ಕಿಟಕಿಯಲ್ಲಿ ನನ್ನ ತೊರೆ ನೀರಿನ ಬಾಟಲಿ ಇತ್ತು. ಮೊದಲ ರಾತ್ರಿಗೆ ತಳದಲ್ಲಿ ಒಂದು ಬೆರಳು ಕೆಸರು ಕೂತಿತು. ಆದರೆ ಮೇಲಿನ ನೀರು ವಾರವಾದರೂ ತಿಳಿಯಾಗಲಿಲ್ಲ, ಗಂಜಿ ಬಸಿದ ನೀರಿನ ಹಾಗೆ ಮಬ್ಬಾಗೇ ನಿಂತಿತ್ತು. ಬೆಳಗಿನ ಬಿಸಿಲು ಅಡ್ಡಲಾಗಿ ಹೊಕ್ಕಾಗ ಅದಕ್ಕೊಂದು ನೀಲಿ ಛಾಯೆ. ಒಂದು ಬಾಟಲಿಯಲ್ಲಿ ಇಷ್ಟಾದರೆ ಎರಡು ಕಿ.ಮೀ. ಉದ್ದದ ಕೆರೆಯಲ್ಲಿ ಎಷ್ಟು!

ಕೊನೆಯ ವಾರ ಉತ್ತರಕ್ಕೆ, ಐಸ್‌ಫೀಲ್ಡ್ಸ್ ಪಾರ್ಕ್‌ವೇ ರಸ್ತೆಯಲ್ಲಿ. ಲೇಕ್ ಲೂಯಿಸಿನಿಂದ ಜಾಸ್ಪರಿಗೆ 230 ಕಿ.ಮೀ. ಬೋ ಲೇಕಿನ ದಡದಲ್ಲಿ ಅರ್ಧ ದಿನ, ಪೇಟೋ ಲೇಕಿನ ಮೇಲೆ ಒಂದು ಗಂಟೆ. ಬೋ ಹಿಮನದಿಯ ಜಲಪಾತದವರೆಗೆ ಹೋಗುವ ಉದ್ದೇಶವಿತ್ತು, ಬಿಟ್ಟೆವು. 2025ರ ಜೂನಿನಲ್ಲಿ ಅಲ್ಲಿ ಬೆಟ್ಟದ ಒಂದು ಮಗ್ಗುಲು ಕಳಚಿ ಬಿದ್ದು ಇಬ್ಬರು ಚಾರಣಿಗರು ತೀರಿಕೊಂಡಿದ್ದರು. ನಾವು ಹೋಗುವ ಹೊತ್ತಿಗೂ ಆ ಸುದ್ದಿ ಮನಸ್ಸಿನಿಂದ ಹೋಗಿರಲಿಲ್ಲ.

ಗಿರಣಿಯ ಒಳಭಾಗ ಕಂಡದ್ದು ಅಥಾಬಾಸ್ಕ ಹಿಮನದಿಯ ಬುಡದಲ್ಲಿ. ಇದು ಕೊಲಂಬಿಯಾ ಐಸ್‌ಫೀಲ್ಡ್ ಎಂಬ, ಇನ್ನೂರು ಚದರ ಕಿ.ಮೀ.ಗೂ ಮಿಗಿಲಾದ ಮಂಜಿನ ಹಾಸಿನಿಂದ ಇಳಿಬಿದ್ದ ಒಂದು ನಾಲಿಗೆ. ಆ ಹಾಸಿನ ನೀರು ಮೂರು ಕಡೆ ಹೋಗುತ್ತದೆ: ಪೆಸಿಫಿಕ್‌ಗೆ, ಆರ್ಕ್ಟಿಕ್‌ಗೆ, ಹಡ್ಸನ್ ಕೊಲ್ಲಿಗೆ. ಪಾರ್ಕಿಂಗ್ ಜಾಗದಿಂದ ಹಿಮನದಿಯ ತುದಿಗೆ ಬೋಳು ಕಲ್ಲಿನ ಮೇಲೆ ದಾರಿ. ಕಲ್ಲು ಅಜ್ಜಿಯ ಬೀಸುಕಲ್ಲಿನಷ್ಟೇ ನುಣುಪು, ಅದರ ಮೇಲೆ ಬಾಚಣಿಗೆ ಎಳೆದಂತೆ ಒಂದೇ ದಿಕ್ಕಿನ ಗೀರುಗಳು. ಮಂಜಿನ ಹೊಟ್ಟೆಯಲ್ಲಿದ್ದ ಕಲ್ಲುಗಳು ಉಜ್ಜಿಕೊಂಡು ಹೋದ ಗುರುತು. ಬೆರಳಿಟ್ಟು ಎಳೆದರೆ ಗೀರು ಹಿಮನದಿಯತ್ತಲೇ ತೋರಿಸುತ್ತದೆ. ದಾರಿಯುದ್ದಕ್ಕೂ ಇಸವಿ ಬರೆದ ಫಲಕಗಳು: ಆ ವರ್ಷ ಮಂಜಿನ ತುದಿ ಇಲ್ಲಿತ್ತು ಎಂದು. ಸುಮಾರು 125 ವರ್ಷಗಳಲ್ಲಿ ಒಂದೂವರೆ ಕಿ.ಮೀ.ಗೂ ಹೆಚ್ಚು ಹಿಂದೆ ಸರಿದಿದೆ. ಇವರು ತಾವು ಕೆಲಸಕ್ಕೆ ಸೇರಿದ ಕಾಲದ ಫಲಕದ ಬಳಿ ನಿಂತರು, ಮಗಳು ತಾನು ಶಾಲೆಗೆ ಹೋಗುತ್ತಿದ್ದ ಕಾಲದ್ದರ ಬಳಿ. ಇಬ್ಬರ ನಡುವೆ ಮಾತಾಡಬೇಕೆಂದರೆ ಕೂಗಬೇಕಿತ್ತು.

ಮಂಜು ಬೇಗ ಕರಗಿದರೆ ಮೊದಮೊದಲು ಕೆರೆಗೆ ನೀರೂ ಹಿಟ್ಟೂ ಹೆಚ್ಚೇ ಬರುತ್ತದೆ. ನೋಡುವವರಿಗೆ ಎಲ್ಲವೂ ಸರಿಯಾಗಿರುವಂತೆ, ಇನ್ನೂ ಚೆಂದವಾಗಿರುವಂತೆ ಕಾಣುತ್ತದೆ. ಮೇಲ್ಗಲ್ಲು ಸಣ್ಣದಾಗುತ್ತಾ ಬಂದಾಗ ಹಿಟ್ಟು ನಿಲ್ಲುತ್ತದೆ, ಕೆರೆ ಆ್ಯಗ್ನೆಸಿನ ಹಾಗೆ ತಿಳಿಯಾಗಿ ಕಪ್ಪಾಗುತ್ತದೆ. ತಿಳಿನೀರು ಕೆಟ್ಟದ್ದೇನಲ್ಲ. ಆದರೆ ಬೋ ಲೇಕಿನಿಂದ ಹೊರಡುವ ಬೋ ನದಿ ಕ್ಯಾಲ್ಗರಿಯ ನಡುವೆ ಹರಿಯುತ್ತದೆ, ಆ ಊರಿನ ನಲ್ಲಿಗಳಿಗೆ ಅದರದೂ ಎಲ್ಬೋ ನದಿಯದೂ ನೀರು. ನದಿಗೆ ಬರುವುದರಲ್ಲಿ ಹೆಚ್ಚಿನದು ವಸಂತದ ಹಿಮ. ಹಿಮನದಿಯ ಪಾಲು ಚಿಕ್ಕದು. ಚಿಕ್ಕದಾದರೂ ಅದು ಬರುವುದು ಹಿಮವೆಲ್ಲ ಮುಗಿದ, ಮಳೆಯೂ ಇಲ್ಲದ ಬೇಸಿಗೆಯ ಕೊನೆಯಲ್ಲಿ. ತಿಂಗಳ ಕೊನೆಗೆಂದು ಡಬ್ಬಿಯಲ್ಲಿಟ್ಟ ದುಡ್ಡಿನ ಹಾಗೆ.

ಉದ್ಯಾನದಿಂದ ಕಲ್ಲು, ಹೂವು, ಕೊಂಬು ಏನನ್ನೂ ತರುವಂತಿಲ್ಲ. ನಾವು ತಂದಿರಲಿಲ್ಲ, ಅಥವಾ ಹಾಗೆಂದುಕೊಂಡಿದ್ದೆವು. ಕ್ಯಾಲ್ಗರಿಗೆ ಬಂದು ಸಾಮಾನು ಬಿಚ್ಚುವಾಗ ಆ ಬಾಟಲಿಯೂ ಹೊರಬಂತು. ನೀರನ್ನು ಕ್ಯಾನ್ಮೋರಿನಲ್ಲೇ ಚೆಲ್ಲಿದ್ದೆ, ತಳದಲ್ಲಿ ಬೂದು ಪದರ ಅಂಟಿಕೊಂಡಿತ್ತು. ಬೆರಳಲ್ಲಿ ತೆಗೆದು ಉಜ್ಜಿ ನೋಡಿದೆ. ಮರಳಿನ ಸುಳಿವೇ ಇಲ್ಲ, ಮೈದಾಕ್ಕಿಂತ ನುಣ್ಣಗೆ. ಅಜ್ಜಿ ಆಗಿದ್ದರೆ ಜರಡಿ ಬೇಡ ಎನ್ನುತ್ತಿದ್ದಳು. ಮಗಳು ನಲ್ಲಿ ತಿರುಗಿಸಿ ಬಾಟಲಿ ತೊಳೆದಳು. ಬೂದು ನೀರು ಸಿಂಕಿನಲ್ಲಿ ಒಂದು ಸುತ್ತು ಸುತ್ತಿ ಇಳಿಯಿತು. ಊರಿನ ಬಚ್ಚಲ ನೀರೆಲ್ಲ ಶುದ್ಧವಾಗಿ ಎಲ್ಲಿಗೆ ಹೋಗುತ್ತದೆಂದು ಕೇಳಿದೆ. ‘ಬೋ ನದಿಗೇ ಅಮ್ಮ’ ಎಂದಳು.